ಭಾವನ ಶೆಡ್ಡು

ಹೈಸ್ಕೂಲಿನಲ್ಲಿದ್ದಾಗ ‘ವಿದ್ಯೆಯಿಂದ ಬರುವುದು ಅಹಂಕಾರವೋ ವಿನಯವೋ’ ಎಂಬ ಚರ್ಚಾಸ್ಪರ್ಧೆಯಲ್ಲಿ ವಿನಯದ ಪರವಾಗಿ ಮಾತಾಡಿ ಮೊದಲ ಬಹುಮಾನ ಹೊಡೆದಿದ್ದೆ. ಒಂದು ಸ್ಟೀಲಿನ ಟಿಫಿನ್ ಡಬ್ಬಿ. ಆಮೇಲೆ ಒಂದು ವಾರ ಎರಡನೇ ಬಹುಮಾನದವನ ಜತೆ ಮಾತೇ ಆಡಲಿಲ್ಲ. ಅವನಿಗೆ ಬಂದದ್ದು ಪ್ಲಾಸ್ಟಿಕ್ಕಿನದು.

ಆ ಡಬ್ಬಿಯ ಮುಚ್ಚಳ ಕಳೆದು ಎಷ್ಟೋ ವರ್ಷವಾಯಿತು. ನಾನು ಎಂ.ಎಸ್ಸಿ. ಮುಗಿಸಿ, ಲೋಹದ ತೆಳು ಪದರಗಳ ಮೇಲೆ ಪಿಎಚ್.ಡಿ. ಮಾಡಿ, ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಾ, ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಗೆ ಅಳಿಯನಾದೆ. ಮಾವನಿಗೆ ನನ್ನ ಡಿಗ್ರಿಯ ಮೇಲೆ ಅಪಾರ ಭಕ್ತಿ. ಮಿಕ್ಸಿ ಕೆಟ್ಟರೂ ‘ಅಳಿಯಂದಿರು ಬರಲಿ’ ಎಂದು ಎತ್ತಿಡುತ್ತಿದ್ದರು. ನಾನು ಬಂದು ಪರೀಕ್ಷಿಸಿ, ಮೋಟಾರು ಸುಟ್ಟಿದೆ ಎನ್ನುತ್ತಿದ್ದೆ. ಅದು ಅವರಿಗೆ ವಾಸನೆಯಲ್ಲೇ ಗೊತ್ತಾಗಿರುತ್ತಿತ್ತು. ಆದರೂ ಓದಿದವರ ಬಾಯಲ್ಲಿ ಕೇಳಿದರೆ ಒಂದು ಸಮಾಧಾನ.

ಈ ಭಕ್ತಿ ಇಲ್ಲದವನು ಆ ಮನೆಯಲ್ಲಿ ಒಬ್ಬನೇ, ನನ್ನ ಬಾಮೈದ. ಎಸ್ಸೆಸ್ಸೆಲ್ಸಿ ಗಣಿತಕ್ಕೆ ಮೂರು ಸಲ ಕೂತವನು, ನಾಲ್ಕನೇ ಸಲ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವುದಿದೆ ಎಂದು ಪರೀಕ್ಷೆಗೇ ಹೋಗಲಿಲ್ಲ.

ತೋಟದ ಕೆಳಗೆ ಹಳ್ಳ. ಹಳ್ಳದ ಮಗ್ಗುಲಿಗೆ, ನೀರಿನಿಂದ ಹತ್ತು ಹನ್ನೆರಡು ಅಡಿ ಮೇಲೆ ಪಂಪು. ಮಳೆಗಾಲದಲ್ಲಿ ಹಳ್ಳ ಏರಿ ಮುಳುಗಿಸುತ್ತದೆಂದು ಪ್ರತಿ ಜೂನ್‌ನಲ್ಲೂ ಗಳಕ್ಕೆ ಹಗ್ಗ ಬಿಗಿದು, ನಾಲ್ಕು ಜನ ಹೆಗಲು ಕೊಟ್ಟು ಮನೆಗೆ ಹೊತ್ತು ತರುತ್ತಿದ್ದರು. ಒಂದು ವರ್ಷ ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಈ ಮೆರವಣಿಗೆ ನೋಡಿದೆ. ‘ಇಷ್ಟೆಲ್ಲ ಯಾಕೆ ಮಾವ? ಪಂಪನ್ನು ದಂಡೆಯ ಮೇಲಕ್ಕೇ ಇಟ್ಟುಬಿಡಿ. ಅಲ್ಲೊಂದು ಶೆಡ್ಡು ಹಾಕಿ. ಹಳ್ಳದಿಂದ ಎಷ್ಟು, ಇಪ್ಪತ್ತೆಂಟು ಅಡಿ ತಾನೆ?’

ಬಾಮೈದ ಹಗ್ಗ ಬಿಚ್ಚುತ್ತಲೇ ಹೇಳಿದ: ‘ಭಾವ, ಇಪ್ಪತ್ತಡಿ ದಾಟಿದ್ರೆ ಅದು ಎಳೆಯಲ್ಲ.’

ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೈಗೆ ಸಿಕ್ಕ ಅಡಿಕೆ ಹಾಳೆಯ ಮೇಲೆ ಇದ್ದಿಲಲ್ಲಿ ಲೆಕ್ಕ ಬರೆದೆ. ಪಂಪು ನೀರನ್ನು ಎಳೆಯುವುದೇ ಇಲ್ಲ, ಅದು ಪೈಪಿನೊಳಗಿನ ಗಾಳಿಯ ಒತ್ತಡ ತಗ್ಗಿಸುತ್ತದೆ ಅಷ್ಟೇ, ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ದೂಡುತ್ತದೆ. ದೂಡುವ ಮಿತಿ 10.3 ಮೀಟರ್, ಅಂದರೆ ಹತ್ತಿರ ಹತ್ತಿರ 34 ಅಡಿ. ಇಪ್ಪತ್ತೆಂಟು ಕಳೆದರೂ ಇನ್ನೂ ಆರು ಅಡಿ ಉಳಿತಾಯ! ಮಾವ ಆ ಹಾಳೆಯನ್ನು ಒಲೆಗೆ ಹಾಕಗೊಡಲಿಲ್ಲ. ದೀಪಾವಳಿ ಕಳೆಯುವುದರೊಳಗೆ ತಗಡಿನ ಶೆಡ್ಡು ಎದ್ದಿತು.

ಬೇಸಿಗೆ ರಜೆಗೆ ಹೋದಾಗ ಉದ್ಘಾಟನೆ. ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಹನ್ನೊಂದಕ್ಕೆ. ಬ್ಯಾಟರಿ ಹಿಡಿದು ಎಲ್ಲರೂ ಇಳಿದೆವು. ನಾನು ಬಿಳಿ ಪಂಚೆ ಉಟ್ಟಿದ್ದೆ, ಮುಖ್ಯ ಅತಿಥಿಯಲ್ಲವೇ. ಪಂಪು ಹಾಕುವ ಮೊದಲು, ಹಳ್ಳಕ್ಕಿಳಿದ ಸಕ್ಷನ್ ಪೈಪನ್ನು ನೀರಿನಿಂದ ತುಂಬಿಸಬೇಕು; ಅದು ವಾಪಸ್ ಇಳಿಯದಂತೆ ಪೈಪಿನ ಬುಡದಲ್ಲೊಂದು ಕವಾಟ. ಕೊಡಗಟ್ಟಲೆ ನೀರು ಹೊಯ್ದರೂ ತುಂಬಲೊಲ್ಲದು.

‘ಫುಟ್‌ಬಾಲ್ ಸೋರ್ತಿದೆ’ ಎಂದ ಬಾಮೈದ.

‘ಫುಟ್‌ಬಾಲ್ ಅಲ್ಲ ಮಾರಾಯ, ಫುಟ್ ವಾಲ್ವ್.’

‘ಹೆಸರು ಏನಾರೂ ಇರ್ಲಿ ಭಾವ, ಸೋರ್ತಿರೋದು ಅದೇ.’

ಕೊಟ್ಟಿಗೆಗೆ ಓಡಿ ಒಂದು ಬಕೆಟ್ ಸಗಣಿ ಕಲಸಿ ತಂದು ಪೈಪಿಗೆ ಹೊಯ್ದ. ಇದೇನು ಅವೈಜ್ಞಾನಿಕ ಎಂದು ನಾನು ಬಾಯಿ ತೆರೆಯುವುದರೊಳಗೆ ಸಗಣಿ ಇಳಿದು, ವಾಲ್ವಿನ ಸಂದಿಗೆ ಕೂತು, ಸೋರುವುದು ನಿಂತಿತು. ಪೈಪು ತುಂಬಿತು. ಸ್ವಿಚ್ ಒತ್ತಿದೆವು. ಮೇಲಿನ ತೊಟ್ಟಿಯ ಕಡೆಗೆ ಬುಸ್ಸೆಂದು ಒಂದಿಷ್ಟು ನೀರು ಹೋಯಿತು. ಮಾವ ಕೈ ಮುಗಿದರು. ಅಷ್ಟರಲ್ಲಿ ಪಂಪು ಕಲ್ಲು ಜಗಿದ ಹಾಗೆ ಸದ್ದು ಮಾಡಿತು, ನೀರು ನಿಂತಿತು. ಮತ್ತೆ ತುಂಬಿಸಿ, ಮತ್ತೆ ಹಾಕಿ, ಮತ್ತೆ ಅದೇ. ಒಂದೂವರೆಯ ಹೊತ್ತಿಗೆ ‘ಏರ್ ಹಿಡಿದಿರಬೇಕು, ನಾನು ನೋಡ್ತೀನಿ’ ಎಂದು ಬಗ್ಗಿ, ನೀರು ತುಂಬಿಸುವ ಬಿರಡೆಯನ್ನು ತಿರುಗಿಸಿದೆ. ಮೇಲಿನ ಡೆಲಿವರಿ ಪೈಪಿನಲ್ಲಿ ನಿಂತಿದ್ದ ನೀರೆಲ್ಲ ಕೆಳಗೆ ಒತ್ತುತ್ತಿದೆ ಎಂಬುದು, ದ್ರವದ ಒತ್ತಡದ ಪಾಠವನ್ನು ಹತ್ತಾರು ವರ್ಷ ಮಾಡಿದವನಿಗೆ ಹೊಳೆಯಬೇಕಿತ್ತು. ಹೊಳೆಯಿತು. ಆದರೆ ಅಷ್ಟರಲ್ಲಿ ಕನ್ನಡಕದ ಮೇಲೆಲ್ಲ ಸಗಣಿ.

ಯಾರೂ ನಗಲಿಲ್ಲ. ಅಳಿಯನಲ್ಲವೇ. ಅಡಿಕೆ ಮರದ ಹಿಂದಿನಿಂದ ಮಾತ್ರ ಯಾರೋ ಜೋರಾಗಿ ಕೆಮ್ಮಿದರು.

ಬೆಳಿಗ್ಗೆ ಅದೇ ಗಳ, ಅದೇ ಹಗ್ಗ. ಪಂಪನ್ನು ಹಳೇ ಜಾಗಕ್ಕೆ ಇಳಿಸಿದರು. ಕರೆಂಟು ಬಂದದ್ದೇ ತಡ, ನೀರು ಚಿಮ್ಮಿತು. ನನ್ನ 34 ಅಡಿ ಸುಳ್ಳಲ್ಲ. ಅದು ಸಮುದ್ರ ಮಟ್ಟದಲ್ಲಿ, ಪೈಪಿನೊಳಗೆ ಪೂರ್ತಿ ನಿರ್ವಾತವಿದ್ದರೆ. ಮಲೆನಾಡಿನ ಎತ್ತರ, ಪೈಪಿನ ಬಾಗು, ಉಜ್ಜಾಟ, ಪಂಪಿನೊಳಗೇ ಆವಿಯಾಗುವ ನೀರು ಎಲ್ಲ ತಮ್ಮ ತಮ್ಮ ಪಾಲು ಕಿತ್ತುಕೊಂಡು ಕೊನೆಗೆ ಉಳಿಸುವುದು ಇಪ್ಪತ್ತು ಚಿಲ್ಲರೆ ಅಡಿ. ‘ಆದರ್ಶ ಸ್ಥಿತಿಯಲ್ಲಿ’ ಎಂಬ ಎರಡು ಪದ ಪಾಠದಲ್ಲೇ ಇವೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇಲ್ಲವೆಂದು ನಾನು ದಾಟಿಸಿಕೊಂಡು ಹೋಗುತ್ತಿದ್ದೆ.

ಮಧ್ಯಾಹ್ನ ಮರ್ಯಾದೆ ಉಳಿಸಿಕೊಳ್ಳಲು ಬಾಮೈದನಿಗೆ ಗೆಲಿಲಿಯೋ ಕಥೆ ಹೇಳಿದೆ. 1638ರ ಅವನ ಪುಸ್ತಕದಲ್ಲಿ ಒಂದು ಪಾತ್ರ ಹೇಳುತ್ತದೆ: ಪಂಪು ನೀರೆತ್ತುತ್ತಿಲ್ಲ, ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿದರೆ, ಅವನು ಪಂಪು ಚೆನ್ನಾಗಿದೆ, ನೀರು ಬಹಳ ಕೆಳಗೆ ಹೋಗಿದೆ, ಇಷ್ಟರ ಮೇಲೆ ಒಂದು ಕೂದಲೆಳೆಯಷ್ಟೂ ಏರದು ಎಂದನಂತೆ. ಕಾರಣ ಕೊಡಲು ಹೋದ ಗೆಲಿಲಿಯೋನೇ ಎಡವಿದ. ಉದ್ದದ ಹಗ್ಗ ತನ್ನ ಭಾರಕ್ಕೆ ತಾನೇ ಹರಿಯುವ ಹಾಗೆ ನೀರಿನ ಕಂಬವೂ ತುಂಡಾಗುತ್ತದೆ ಎಂದ. ವಾಯುಭಾರದ ಗುಟ್ಟು ಬಿಚ್ಚಿದ್ದು ಅವನ ಶಿಷ್ಯ ಟೊರಿಚೆಲ್ಲಿ, ಗುರು ತೀರಿಕೊಂಡ ಮೇಲೆ. ‘ನೋಡು, ಗೆಲಿಲಿಯೋನಂಥವನೇ ಪಂಪಿನ ವಿಷಯದಲ್ಲಿ ತಪ್ಪಿದ್ದಾನೆ’ ಎಂದು ಮುಗಿಸಿದೆ.

ಬಾಮೈದ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ: ‘ಆ ರಿಪೇರಿಯವನ ಹೆಸರೇನು ಭಾವ?’

‘ಹೆಸರು ಹಾಕಿಲ್ಲ.’

‘ಹಾಕಲ್ಲ ಬಿಡಿ’ ಎಂದು ಎಲೆ ಬಾಯಿಗಿಟ್ಟ.

ಓದದವನಿಗೆ ಅಹಂಕಾರ ಇರುವುದಿಲ್ಲ ಎಂದು ನೀವು ತಿಳಿದಿದ್ದರೆ ನನ್ನ ಬಾಮೈದನನ್ನು ನೋಡಬೇಕು. ಯಾವ ಮದುವೆ ಮನೆಯಲ್ಲಿ ಸಿಕ್ಕರೂ, ಬಡಿಸುವವರು ಸಾರಿನ ಬಕೆಟ್ ಎತ್ತಿದ ಕೂಡಲೇ ಪಂಕ್ತಿಯ ಆ ತುದಿಯಿಂದ ಕೂಗುತ್ತಾನೆ: ‘ಭಾವ, ಎಷ್ಟಡಿ ಎತ್ತಬಹುದು?’ ಶೆಡ್ಡಿನಲ್ಲಿ ಈಗ ಕೋಳಿಗಳಿವೆ. ಆದರೆ ಊರವರು ದಾರಿ ಹೇಳುವಾಗ ‘ಭಾವನ ಶೆಡ್ಡಿನ ಹತ್ತಿರ ಎಡಕ್ಕೆ ತಿರುಗಿ’ ಎನ್ನುತ್ತಾರೆ.

ನಾನು ಬದಲಾದೆನೇ? ಆದೆ. ಈಗ ಆ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು, ಸಗಣಿಯಿಂದ ಶುರುಮಾಡಿ, ನಿಜವಾದ ಜ್ಞಾನ ಹಳ್ಳದ ದಂಡೆಯಲ್ಲಿದೆ ಎಂದು ಮುಕ್ಕಾಲು ಗಂಟೆ ಕೊರೆಯುತ್ತೇನೆ. ಪ್ರಯೋಗಾಲಯ ದಾಟದ ಸಹೋದ್ಯೋಗಿಗಳನ್ನು ಕಂಡರೆ ಒಂಥರಾ ಕನಿಕರ. ಕಳೆದ ವರ್ಷ ಹೀಗೇ ಉತ್ಸಾಹದಲ್ಲಿದ್ದಾಗ ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

‘ಸರ್, ನೀರೊಳಗೇ ಸಬ್‌ಮರ್ಸಿಬಲ್ ಇಳಿಸಿದ್ರೆ ಈ ರಗಳೆನೇ ಇರ್ತಿರ್ಲಿಲ್ವಲ್ಲ? ನಮ್ಮಪ್ಪ ಅದೇ ಹಾಕಿದ್ದು.’

‘ಅದು ಸಿಲಬಸ್ಸಿನಲ್ಲಿಲ್ಲ’ ಎಂದೆ. ‘ಕೂತ್ಕೋ.’