ಅವ್ವನ ಪರಕಾರದ ಲಾಡಿ

ನಮ್ಮ ಮನೆಯಲ್ಲಿ ಏನು ಕಾಣೆಯಾದರೂ ಮೊದಲು ತಪಾಸಣೆ ಆಗುವುದು ನನ್ನ ಸೈಕಲ್ ಚೀಲ. ಹೆಂಡತಿಯ ಶಾಂಪೂ, ಮಗಳ ಪೌಡರ್ ಡಬ್ಬಿ, ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡು, ಯಾವುದೇ ಇರಲಿ. ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಧಾರವಾಡದಿಂದ ಪುಣೆಗೆ ಬಂದು ಹದಿನೈದು ವರ್ಷ ಕೋಥ್ರೂಡಿನಲ್ಲಿ ಮರ್ಯಾದೆಯಿಂದ ಬದುಕಿದವನು ನಾನು. ನಲವತ್ಮೂರಕ್ಕೆ ಟ್ರಯಾಥ್ಲಾನ್ ಹುಚ್ಚು ಹಿಡಿಯಿತು. ಕಳ್ಳತನ ಅಲ್ಲಿಂದ ಶುರು.

ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಗಡಿಯಾರ ನಿಲ್ಲುವುದಿಲ್ಲ. ಒದ್ದೆ ಕಾಲಿಗೆ ಸಾಕ್ಸ್ ಏರಿಸುತ್ತಾ ಒದ್ದಾಡುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಈ ಅವಸರದ ಬದಲಾವಣೆಯನ್ನು ನಾಲ್ಕನೇ ಆಟ ಅಂತಲೇ ಕರೆಯುತ್ತಾರೆ. ನಾನು ಕಣ್ಣಿಟ್ಟಿದ್ದು ಗೋವಾದ ಐರನ್‌ಮ್ಯಾನ್ 70.3 ಮೇಲೆ. 2019ರಲ್ಲಿ ಮೊದಲ ಸಲ ನಡೆದದ್ದು. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಮೈಲಿಯಲ್ಲಿ ಕೂಡಿದರೆ 70.3. ರಿಟೈರ್ಡ್ ಟೀಚರ್ ಆದ ನಮ್ಮವ್ವನಿಗೆ ಇದನ್ನೆಲ್ಲ ವಿವರಿಸಿದೆ.

"ಎಪ್ಪತ್ತು ಪಾಯಿಂಟ್ ಮೂರು? ಫಸ್ಟ್ ಕ್ಲಾಸ್ ಆತಲ್ಲೋ. ಇನ್ನ ಯಾಕ ಓಡ್ತಿ?"

ಈ ಆಟದ ಸಾಮಾನಿಗೆ ದುಡ್ಡು ಸುರಿಯುತ್ತಾ ಹೋದರೆ ಮುಗಿಯುವುದೇ ಇಲ್ಲ. ಆದರೆ ಹಳಬರೆಲ್ಲ ಗುಟ್ಟಾಗಿ ಹೇಳುವುದು ಮನೆಯ ಸಾಮಾನುಗಳನ್ನೇ. ಈಜುವ ಕನ್ನಡಕವನ್ನೇ ನೋಡಿ. ಮುಖದ ಬಿಸಿಗೆ ಒಳಗೆ ಆವಿ ಏಳುತ್ತದೆ, ಹೊರಗಿನ ನೀರು ತಣ್ಣಗೆ, ಆವಿ ಗಾಜಿನ ಮೇಲೆ ಹನಿಹನಿಯಾಗಿ ಕೂತು ಮಂಜು ಕವಿಯುತ್ತದೆ. ಒಂದು ತೊಟ್ಟು ಬೇಬಿ ಶಾಂಪೂ ಸವರಿ ತೊಳೆದರೆ ಹನಿ ಕಟ್ಟದೆ ತೆಳ್ಳಗೆ ಹರಡಿಕೊಳ್ಳುತ್ತದೆ, ಎಲ್ಲ ಸ್ಪಷ್ಟ. ನಾನು 'ಶಾಂಪೂ' ಎನ್ನುವುದನ್ನು ಕೇಳಿಸಿಕೊಂಡೆ, 'ಬೇಬಿ' ಎನ್ನುವುದನ್ನು ಬಿಟ್ಟೆ. ತೊಳೆಯುವುದನ್ನೂ ಬಿಟ್ಟೆ. ಹೆಂಡತಿಯ ಹೊಟ್ಟಿನ ಶಾಂಪೂ ಹಚ್ಚಿಕೊಂಡು ಈಜುಕೊಳಕ್ಕೆ ಧುಮುಕಿದೆ. ಎರಡೇ ಸುತ್ತಿಗೆ ಕಣ್ಣು ಕೆಂಡ. ದಡದಲ್ಲಿ ಕೂತು ಗೊಳೋ ಎಂದು ನೀರು ಸುರಿಸುತ್ತಿದ್ದವನ ಬೆನ್ನು ಸವರಿ, ಪಕ್ಕದ ಅಜ್ಜ ಒಬ್ಬರು "ಹೋತಂ, ಹೋತಂ", ಹೀಗೆಲ್ಲ ಆಗುತ್ತದೆ ಎಂದು ಮರಾಠಿಯಲ್ಲಿ ಸಮಾಧಾನ ಮಾಡಿದರು. ನನ್ನ ಮನೆಯಲ್ಲಿ ಯಾರೋ ಹೋಗಿದ್ದಾರೆ ಅಂದುಕೊಂಡಿರಬೇಕು. ಮರುದಿನ ಬೇಬಿ ಶಾಂಪೂ ತರಲು ಹೋದೆ. ಮೆಡಿಕಲ್ ಅಂಗಡಿಯವನು ನನ್ನ ನರೆತ ತಲೆ ನೋಡಿದ, ಬಾಟಲಿ ನೋಡಿದ, ಕೈ ಕುಲುಕಿ "ಅಭಿನಂದನ್!" ಅಂದ. ಬೇಡ ಅನ್ನಲಿಕ್ಕೆ ಆಗಲಿಲ್ಲ. ತಗೊಂಡು ಬಂದೆ.

ಪೌಡರ್ ಕಥೆ ಸಣ್ಣದು. ಶೂ ಒಳಗೆ ಸ್ವಲ್ಪ ಉದುರಿಸಿಟ್ಟರೆ ಒದ್ದೆ ಕಾಲು ಸರಕ್ಕನೆ ಹೋಗುತ್ತದೆ. ಅಭ್ಯಾಸ ಮಾಡಿದ್ದು ಮನೆಯ ಪಡಸಾಲೆಯಲ್ಲಿ. ಬಾತ್‌ರೂಮಿನಿಂದ ಬಾಲ್ಕನಿಯವರೆಗೆ ಬಿಳಿ ಹೆಜ್ಜೆ ಮೂಡಿದವು.

"ಏನ್ರೀ ಇದು, ಕೃಷ್ಣನ ಪಾದ? ಗೋಕುಲಾಷ್ಟಮಿ ಇನ್ನೂ ಎರಡ ತಿಂಗಳ ಅದ" ಅಂದಳು ಹೆಂಡತಿ.

"ಕೃಷ್ಣಗ ಹತ್ತ ನಂಬರ್ ಬೂಟ ಆಗ್ತದೇನ?" ಅಂತ ಅವ್ವ ಒಳಗಿಂದ.

ದುಡ್ಡು ಕೊಟ್ಟು ತಂದದ್ದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಕ್ಲೀಟ್ ಶೂ. ಅಟ್ಟೆಗೆ ಒಂದು ಕೊಂಡಿ, ಪೆಡಲಿಗೆ ಒಂದು ಕೊಂಡಿ. 'ಕಟ್' ಎಂದು ಕೂತರೆ ಕಾಲು ಪೆಡಲಿಗೇ ಅಂಟುತ್ತದೆ, ತುಳಿದ ಶಕ್ತಿ ಪೋಲಾಗುವುದಿಲ್ಲ. ಬಿಡಿಸಿಕೊಳ್ಳಲು ಹಿಮ್ಮಡಿ ಹೊರಕ್ಕೆ ತಿರುಗಿಸಬೇಕು. ಇದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಎಲ್ಲರೂ ಒಂದು ಸಲ ಬೀಳುತ್ತಾರಂತೆ. ಬೀಳುವುದಾದರೆ ಖಡಕ್‌ವಾಸ್ಲಾ ರಸ್ತೆಯಲ್ಲೋ, ಬೋಪ್‌ದೇವ್ ಘಾಟಿನಲ್ಲೋ ಯಾರೂ ಇಲ್ಲದಾಗ ಬೀಳಬಹುದಿತ್ತು, ಅಲ್ವಾ? ನಾನು ಬಿದ್ದದ್ದು ಸಂಜೆ ಆರೂವರೆಗೆ, ಕರ್ವೆ ರಸ್ತೆಯ ನಳ ಸ್ಟಾಪ್ ಸಿಗ್ನಲ್ಲಿನಲ್ಲಿ. ಅದೂ ಧಡ್ ಅಂತ ಬೀಳಲಿಲ್ಲ. ಸೈಕಲ್ ನಿಂತಿತು, ಒಂದು ಕ್ಷಣ ನಾನೂ ನಿಂತೆ, ಆಮೇಲೆ ಇಬ್ಬರೂ ಕೂಡಿಕೊಂಡು, ಕಡಿದ ಬಾಳೆಗಿಡದ ಹಾಗೆ, ನಿಧಾನವಾಗಿ ಎಡಕ್ಕೆ ವಾಲಿದೆವು. ಬಿದ್ದ ಮೇಲೂ ಎರಡೂ ಕಾಲು ಪೆಡಲಿನಲ್ಲೇ. ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿಕೊಂಡ ಸ್ಕೂಟರ್ ಹುಡುಗಿಯೊಬ್ಬಳು ಬಗ್ಗಿ ಕೇಳಿದಳು: "ಕಾಕಾ, ಲಾಗ್ಲಂ ಕಾ?"

ಪೆಟ್ಟಾಯಿತಾ ಚಿಕ್ಕಪ್ಪಾ, ಅಂತ. ಮೊಣಕೈಗೆ ಅಷ್ಟೇನೂ ಲಾಗಿರಲಿಲ್ಲ. 'ಕಾಕಾ' ಲಾಗಿತ್ತು. ಬೇರೆ ಭಾಷೆಯ ಮಾತು ಅಂತ ಸುಮ್ನೆ ಬಿಡೋಣವೆಂದರೆ, ಧಾರವಾಡದಲ್ಲೂ ಕಾಕಾ ಅಂದರೆ ಕಾಕಾನೇ.

ಆ ಶೂಗಳನ್ನು ಮೊದಲೇ ಪೆಡಲಿಗೆ ಸಿಕ್ಕಿಸಿ, ರಬ್ಬರ್ ಬ್ಯಾಂಡಿನಿಂದ ಅಡ್ಡ ನಿಲ್ಲಿಸಿ, ಓಡುತ್ತಾ ಬಂದು ಹಾರಿ ಕೂರುವ ವಿದ್ಯೆಯೂ ಒಂದಿದೆ. ತುಳಿದ ಕೂಡಲೇ ಬ್ಯಾಂಡ್ ಹರಿಯುತ್ತದೆ. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಮಾಡಿ ನೋಡಿದೆ. ವಾಚ್‌ಮನ್‌ಗೆ ಹೊಸ ಕುರ್ಚಿ ಕೊಡಿಸಿದ್ದೇನೆ. ಹೆಚ್ಚಿಗೆ ಕೇಳಬೇಡಿ.

ಇನ್ನು ವ್ಯಾಸಲೀನ್. ಈ ಆಟದಲ್ಲಿ ಇದಕ್ಕಿಂತ ದೊಡ್ಡ ದೇವರಿಲ್ಲ. ಉಪ್ಪುನೀರು, ಬೆವರು, ಒದ್ದೆ ಬಟ್ಟೆ ಸೇರಿ ತೊಡೆ, ಕಂಕುಳು, ಕುತ್ತಿಗೆಯ ಚರ್ಮ ಉಜ್ಜಿ ಉಜ್ಜಿ ಸುಲಿಯುತ್ತದೆ. ಮೊದಲೇ ಬಳಿದುಕೊಂಡರೆ ಬಚಾವ್. ಅವ್ವ ಹಿಮ್ಮಡಿ ಬಿರುಕಿಗೆ ಇಟ್ಟುಕೊಂಡ ಡಬ್ಬಿಯೇ ನನ್ನದೂ. ಒಂದು ಭಾನುವಾರ ನಸುಕಿನ ನಾಲ್ಕೂವರೆಗೆ, ಯಾರಿಗೂ ಎಚ್ಚರವಾಗಬಾರದು ಅಂತ ದೀಪ ಹಾಕದೆ, ಕಪಾಟಿಗೆ ಕೈ ಹಾಕಿ, ಧಾರಾಳವಾಗಿ ಬಳಿದುಕೊಂಡು ಹೊರಟೆ. ಪಕ್ಕದಲ್ಲೇ ಇದ್ದದ್ದು ಅವ್ವನ ತಲೆನೋವಿನ ಬಾಮ್. ಅದೇ ಅಳತೆಯ ಡಬ್ಬಿ. ಮೊದಲ ಕಿಲೋಮೀಟರ್ ಏನೋ ಹಿತವಾದ ತಂಪು. ವೇತಾಳ ಟೇಕಡಿ ಹತ್ತುವಾಗ ಬೆವರು ಬಂತು ನೋಡಿ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಬ್ಯಾಡಗಿ ಅಲ್ಲ, ಅದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ. ಇದು ಅಪ್ಪಟ ಗುಂಟೂರು. ಟೇಕಡಿಯಿಂದ ಮನೆಯ ಬಕೆಟ್ಟಿನವರೆಗೆ ಓಡಿದ್ದು ಇಂದಿಗೂ ನನ್ನ ಅತಿ ವೇಗದ ಐದು ಕಿಲೋಮೀಟರ್. ವಾಚಿನಲ್ಲಿ ದಾಖಲೆ ಇದೆ.

ಲಾಡಿಯ ವಿಷಯಕ್ಕೆ ಬರುತ್ತೇನೆ. ಮೂರೂ ಆಟಕ್ಕೆ ಒಂದೇ ಬಿಗಿ ಬಟ್ಟೆ. ಅದಕ್ಕೆ ಸ್ಪರ್ಧೆಯ ನಂಬರನ್ನು ಪಿನ್ನಿನಿಂದ ಚುಚ್ಚಿದರೆ ಬಟ್ಟೆ ಹಾಳು. ಸಾಲದ್ದಕ್ಕೆ ಸೈಕಲ್ ಮೇಲೆ ನಂಬರ್ ಬೆನ್ನಿಗಿರಬೇಕು, ಓಡುವಾಗ ಹೊಟ್ಟೆಗೆ. ಅದಕ್ಕೆ ಒಂದು ಬೆಲ್ಟ್ ಬರುತ್ತದೆ, ಸೊಂಟದ ಸುತ್ತ ತಿರುಗಿಸಿದರಾಯಿತು. ನಾನು ಅದನ್ನು ಪುಣೆಯಲ್ಲೇ ಮರೆತು ಹೊರಟಿದ್ದೆ. ದಾರಿಯಲ್ಲಿ ಬೆಳಗಾವಿಯ ಮೌಶಿ ಮನೆಯಲ್ಲಿ ಊಟಕ್ಕೆ ನಿಂತಾಗ ಗೊತ್ತಾಯಿತು. ನನ್ನ ಮುಖ ನೋಡಲಾರದೆ ಅವ್ವ ತನ್ನ ಚೀಲದಿಂದ ಒಂದು ಪರಕಾರ ತೆಗೆದಳು. ಪರಕಾರ ಅಂದರೆ ನಮ್ಮ ಕಡೆ ಸೀರೆಯೊಳಗಿನ ಲಂಗ. ಲಾಡಿ ಎಳೆದು, ಎರಡು ಪಿನ್ನು ಸಿಕ್ಕಿಸಿ ಕೊಟ್ಟಳು.

"ವಾಪಸ್ ಕೊಡಬೇಕ ಮತ್ತ."

ಅದೇ ಮನೆಯಲ್ಲಿ ಇನ್ನೊಂದು ತಪ್ಪೂ ಆಯಿತು. ಸ್ಪರ್ಧೆಯ ದಿನ ಹೊಸದೇನೂ ಮಾಡಬೇಡ ಎನ್ನುವುದು ಈ ಆಟದವರ ವೇದವಾಕ್ಯ. ಸೈಕಲ್ ಮೇಲೆ ತಿನ್ನಲು ಎನರ್ಜಿ ಜೆಲ್ ಇತ್ತು. ಒಂದು ಪಾಕೀಟಿನಲ್ಲಿ ಇಪ್ಪತ್ತು, ಇಪ್ಪತ್ತೈದು ಗ್ರಾಂ ಸಕ್ಕರೆ, ಬೆಲೆ ಮಾತ್ರ ಒಂದು ಪ್ಲೇಟ್ ಮಸಾಲೆ ದೋಸೆಯದ್ದು. ಮೌಶಿ ಕುಂದಾ ತಂದಿಟ್ಟಳು. ಹಾಲು, ಸಕ್ಕರೆ ಕಾಯ್ದು ಕಾಯ್ದು ಕಂದಿದ ಬೆಳಗಾವಿ ಕುಂದಾ. ಇದರಲ್ಲಿರದ ಶಕ್ತಿ ಆ ಜೆಲ್ಲಿನಲ್ಲಿದೆಯೇ? ಮಗಳು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೆಹೆಂದಿ ಕೋನಿನ ಹಾಗೆ ಮೂಲೆ ಮಡಚಿ ಕೊಟ್ಟಳು. ಬೆನ್ನ ಜೇಬಿಗೆ ಇಳಿಸಿದೆ.

ಮಿರಾಮಾರ್ ಬೀಚಿನಲ್ಲಿ ಈಜು ಚೆನ್ನಾಗಿಯೇ ಆಯಿತು. ಬೇಬಿ ಶಾಂಪೂ ಕೈ ಬಿಡಲಿಲ್ಲ. ಸೈಕಲ್ ಅರ್ಧ ದಾರಿ ಮುಗಿಸಿದಾಗ ಗೋವಾದ ಬಿಸಿಲಿಗೆ ಕೋನ್ ಬಾಯಿ ಬಿಟ್ಟಿತು. ಬೆನ್ನಿನಿಂದ ಕೆಳಗೆ ಏನೋ ಬೆಚ್ಚಗೆ ಹರಿದ ಹಾಗಾಯಿತು. ಬೆವರು ಅಂದುಕೊಂಡೆ. ಈ ಆಟದಲ್ಲಿ ಮುಂದಿನವನಿಂದ 12 ಮೀಟರ್ ದೂರ ಇರಬೇಕು. ನನ್ನ ಹಿಂದಿದ್ದವನು ಆಮೇಲಾಮೇಲೆ ಐವತ್ತು ಮೀಟರ್ ಬಿಟ್ಟ. ದಾಟಿಕೊಂಡು ಹೋದ ಒಬ್ಬ ಮೆತ್ತಗೆ "ಭಾಯಿಸಾಬ್, ಸಬ್ ಠೀಕ್?" ಅಂದ. ಕೈ ಹಾಕಿ ನೋಡಿಕೊಂಡೆ. ಕಂದು.

"ಕುಂದಾ ಹೈ! ಕುಂದಾ!" ಎಂದು ಕೂಗಿದೆ. ಬೆಳಗಾವಿಯವನಾಗಿದ್ದರೆ ತಿಳಿಯುತ್ತಿತ್ತು. ಅವನು ಇನ್ನೂ ಜೋರಾಗಿ ತುಳಿದ.

ಸೈಕಲ್ ಮೇಲೆ ಇರುವಷ್ಟು ಹೊತ್ತು ಬೆನ್ನಿನ ನಂಬರ್ ಸ್ವಲ್ಪ ಮಾನ ಕಾಪಾಡಿತ್ತು. ಓಟಕ್ಕೆ ಇಳಿದು, ನಿಯಮದಂತೆ ಲಾಡಿ ತಿರುಗಿಸಿ ನಂಬರನ್ನು ಹೊಟ್ಟೆಗೆ ತಂದೆ. ಹಿಂದಿನದು ಬಟಾಬಯಲಾಯಿತು. ಆ ಗಡಿಬಿಡಿಯಲ್ಲಿ ಹೆಲ್ಮೆಟ್ ತೆಗೆಯುವುದೂ ಮರೆತು ನೂರು ಹೆಜ್ಜೆ ಓಡಿ ವಾಪಸ್ ಬಂದೆ. ಹೆಲ್ಮೆಟ್ ಹಾಕಿ ಅಂದರೆ ಮೋರ್ಚಾ ತೆಗೆಯುವ ಪುಣೆಯಿಂದ ಬಂದು, ಬೇಡದ ಕಡೆ ಹಾಕಿಕೊಂಡು ಓಡಿದವನು ನಾನೊಬ್ಬನೇ ಇರಬೇಕು.

ರಸ್ತೆ ಬದಿಯಲ್ಲಿ ಅವ್ವ, ಹೆಂಡತಿ, ಮಗಳು ನಿಂತಿದ್ದರು. ನಾನು ದಾಟಿದ ಮೇಲೆ ಅವ್ವ ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಕೂಗಿದಳು: "ಏ ತಮ್ಮಾ, ಹೊಟ್ಟಿ ಕೆಟ್ಟದೇನೋ?"

ಸದ್ಯ, ಗೋವಾದಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಅಂದುಕೊಂಡೆ. ಎಂಥ ಮರೆವು! ಎಳನೀರು ಗಾಡಿಯವನು ಕತ್ತಿ ಕೆಳಗಿಟ್ಟು, "ಸಾಹೇಬ್ರ, ಒಂದ ಎಳನೀರ ಕುಡೀರಿ, ಹೊಟ್ಟಿ ತಂಪ ಆಕ್ಕೈತ್ರಿ" ಎಂದು ಹಿಂದೆಯೇ ಓಡಿ ಬಂದ. ಹೊರಗಿನವರಿಂದ ಏನೂ ತೆಗೆದುಕೊಳ್ಳುವಂತಿಲ್ಲ. ಬೇಡಪ್ಪಾ ಎಂದು ಕೈ ಮುಗಿದು ಓಡಿದೆ. ನೀರಿನ ಸ್ಟಾಲ್ ಬಂದಲ್ಲೆಲ್ಲ ಎಲ್ಲರೂ ತಲೆಗೆ ನೀರು ಸುರಿದುಕೊಂಡರು, ನಾನು ಬೆನ್ನು ತಿರುಗಿಸಿ ನಿಂತೆ.

ಎಂಟೂವರೆ ಗಂಟೆಯ ಗಡುವಿಗೆ ಹತ್ತೊಂಬತ್ತು ನಿಮಿಷ ಉಳಿದಿತ್ತು. ಕೊರಳಿಗೆ ಮೆಡಲ್ ಬಿತ್ತು. ಮನೆಯವರ ಹತ್ತಿರ ಕುಂಟುತ್ತಾ ಬಂದು ಅದನ್ನು ಅವ್ವನ ಕೈಗೆ ಕೊಟ್ಟೆ. ತಿರುಗಿಸಿ ನೋಡಿ ಮಗಳಿಗೆ ದಾಟಿಸಿದಳು. ಆಮೇಲೆ ನನ್ನ ಸೊಂಟಕ್ಕೆ ಕೈ ಹಾಕಿ, ಗಂಟು ಬಿಚ್ಚಿ, ಲಾಡಿ ಎಳೆದುಕೊಂಡಳು. ಮೂಸಿ ನೋಡಿದಳು.

"ಮೌಶಿ ಕುಂದಾಕ್ಕ ಏಲಕ್ಕಿ ಜಾಸ್ತೀನ ಹಾಕ್ಯಾಳ" ಅಂದಳು.