ಕ್ಷೌರದಂಗಡಿಯ ಐದು ಡಾಲರ್

ನ್ಯೂಜೆರ್ಸಿಗೆ ಬಂದ ಮೊದಲ ತಿಂಗಳು ಕ್ಷೌರಕ್ಕೆ ಹೋಗಿದ್ದಾಗ, ಕುತ್ತಿಗೆಗೆ ಅಂಟಿದ ಕೂದಲು ಇನ್ನೂ ಚುಚ್ಚುತ್ತಿರುವಾಗಲೇ, ಕತ್ತರಿ ಹಿಡಿದಿದ್ದವನು ಕೌಂಟರಿನ ಮೇಲಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ. ಅದರಲ್ಲಿ ಶೇಕಡಾ 18, 20, 25 ಎಂಬ ಮೂರು ಆಯ್ಕೆಗಳಿದ್ದವು; ಕೆಳಗೆ ಸಣ್ಣದಾಗಿ ‘ಟಿಪ್ ಬೇಡ’ ಎಂದಿತ್ತು. ಫಲಕದಲ್ಲಿ 25 ಡಾಲರ್ ಎಂದು ಓದಿಯೇ ಒಳಗೆ ಹೋಗಿದ್ದ ನಾನು, ದರವೆಂದರೆ ಅಷ್ಟೇ ಎಂದು ನಂಬಿ ಕೊನೆಯದನ್ನು ಒತ್ತಿದೆ. ಅರ್ಧ ಗಂಟೆಯಿಂದ ನನಗೆ ಬೇಸ್‌ಬಾಲ್ ವಿವರಿಸುತ್ತಿದ್ದವನು ರಸೀದಿ ಕೊಡುವಾಗ ನನ್ನ ಮುಖ ನೋಡಲಿಲ್ಲ.

ಮರುದಿನ ಕಚೇರಿಯ ಗೆಳೆಯನೊಬ್ಬ ಇಲ್ಲಿನ ರೀತಿಯನ್ನು ತಿಳಿಸಿಕೊಟ್ಟ. ಕೂದಲು ಕತ್ತರಿಸಿದವರಿಗೆ ಶೇಕಡಾ 15ರಿಂದ 20; ತಲೆ ತೊಳೆಯುವವರು ಬೇರೆಯಿದ್ದರೆ ಅವರ ಕೈಗೆ ಪ್ರತ್ಯೇಕವಾಗಿ ಒಂದೆರಡು ನೋಟು; ಕ್ರಿಸ್‌ಮಸ್ ಹೊತ್ತಿಗೆ ಒಂದು ಕ್ಷೌರದ ದರದಷ್ಟು ಹೆಚ್ಚಿಗೆ. ಮಾಲೀಕನೇ ಕತ್ತರಿ ಹಿಡಿದರೆ ಕೊಡಬೇಕಿಲ್ಲವೆಂಬ ಹಳೆಯ ನಿಯಮವೊಂದಿದೆಯಾದರೂ ಅದನ್ನು ನಂಬಿಕೊಂಡು ಹೋಗಬೇಡ ಎಂದ.

ಹೋಟೆಲಿನಲ್ಲಿ ಬಡಿಸುವವರ ವಿಷಯದಲ್ಲಿ ಈ ಪದ್ಧತಿಗೆ ಕಾನೂನಿನದೇ ಬೆಂಬಲವಿದೆ: ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್ ಆದರೂ, ಟಿಪ್ ಸಿಗುವ ಕೆಲಸಗಾರರಿಗೆ ಮಾಲೀಕ ತನ್ನ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕೆಂಬ ಲೆಕ್ಕ 1991ರಿಂದ ಬದಲಾಗಿಲ್ಲ. ಕ್ಷೌರಿಕರ ಪಾಡು ಬೇರೆ. ಅನೇಕರು ಅಂಗಡಿಯಲ್ಲಿ ಒಂದು ಕುರ್ಚಿಯನ್ನು ವಾರದ ಬಾಡಿಗೆಗೆ ಹಿಡಿದು, ಕತ್ತರಿ, ಟ್ರಿಮ್ಮರ್, ಆರೋಗ್ಯ ವಿಮೆ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಾರೆ. ಹಾಗಿದ್ದ ಮೇಲೆ ಮೂವತ್ತು ಡಾಲರ್ ಎಂದೇ ಬರೆಯಬಾರದೇಕೆ ಎಂದು ಮುಂದೊಮ್ಮೆ ಅದೇ ಕ್ಷೌರಿಕನನ್ನು ಕೇಳಿದೆ. ಮೂವತ್ತು ಎಂದು ಬರೆದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ, ಇಪ್ಪತ್ತೈದು ಎಂದು ಬರೆದರೆ ಮೂವತ್ತು ಕೊಟ್ಟು ಹೋಗುತ್ತಾನೆ ಎಂದು ಅವನು ನಕ್ಕ. ನನ್ನ ತಕರಾರು ಇರುವುದೂ ಇಲ್ಲಿಯೇ. ದುಡಿಮೆಯ ಬೆಲೆಯ ಒಂದು ಭಾಗವನ್ನು ಫಲಕದಿಂದ ಮರೆಮಾಡಿ ಗಿರಾಕಿಯ ಸಂಕೋಚದ ಮೇಲೆ ಹೊರಿಸಿದರೆ, ನನ್ನಂತಹ ಹೊಸಬನ ಅಜ್ಞಾನಕ್ಕೆ ಕ್ಷೌರಿಕ ದಂಡ ತೆರಬೇಕಾಗುತ್ತದೆ. 2025ರ ತೆರಿಗೆ ಕಾನೂನು ಟಿಪ್ ಆದಾಯದಲ್ಲಿ ವರ್ಷಕ್ಕೆ 25,000 ಡಾಲರ್‌ವರೆಗೆ ಫೆಡರಲ್ ಆದಾಯ ತೆರಿಗೆಯಿಂದ ವಿನಾಯಿತಿ ಕೊಟ್ಟಿರುವುದರಿಂದ, ಫಲಕದ ದರ ಪ್ರಾಮಾಣಿಕವಾಗುವ ದಿನ ಇನ್ನಷ್ಟು ದೂರ ಹೋಯಿತೆಂದೇ ನನಗೆ ಅನಿಸುತ್ತದೆ.

ಹಾಗೆಂದು ನಮ್ಮ ಊರಿನ ರೀತಿಯೇ ಮೇಲು ಎಂದು ಬೀಗುವಂತಿಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿ ಕ್ಷೌರಿಕರಿಗೆ ವರ್ಷವಿಡೀ ಕಾಸು ಸಲ್ಲುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಒಯ್ಯಬೇಕಿತ್ತು. ಮದುವೆ, ಜವುಳಗಳಲ್ಲಿ ಬಟ್ಟೆ, ಕಾಯಿ, ಅಕ್ಕಿಯ ಸನ್ಮಾನವಿತ್ತು ನಿಜ, ಆದರೆ ಎಷ್ಟು ಮೊರ ಅಳೆಯಬೇಕೆಂಬುದನ್ನು ಅಳೆಯುವವನೇ ತೀರ್ಮಾನಿಸುತ್ತಿದ್ದ, ಪಡೆಯುವವನ ಜಾತಿ ಅವನ ಬಾಯಿ ಕಟ್ಟಿತ್ತು. ‘ಭಕ್ಷೀಸು’ ಎಂಬ ಮಾತಿನಲ್ಲಿಯೂ ಕೊಡುವವನು ಒಂದು ಮೆಟ್ಟಿಲು ಮೇಲೆಯೇ ನಿಂತಿರುತ್ತಾನೆ.

ಅಮೆರಿಕದ ಅಭ್ಯಾಸ ಕೈಗಂಟಿದ ಮೇಲೆ ಊರಿಗೆ ಹೋದಾಗ, ರಾಣೆಬೆನ್ನೂರಿನ ಒಂದು ಕಟಿಂಗ್ ಅಂಗಡಿಯಲ್ಲಿ ನೂರು ರೂಪಾಯಿಯ ಕೆಲಸಕ್ಕೆ ಇನ್ನೂರರ ನೋಟು ಕೊಟ್ಟು ಹೊರಟೆ. ಬಾಗಿಲು ದಾಟುವಷ್ಟರಲ್ಲಿ, “ಅಣ್ಣಾರ, ಚಿಲ್ರಿ ಬಿಟ್ಟು ಹೊಂಟ್ರಲ್ರೀ” ಎಂಬ ಕೂಗು ಕೇಳಿಸಿತು. ಇರಲಿ, ಇಟ್ಕೊಳ್ರಿ ಎಂದೆ. “ಸುಮ್ನ ಹೆಂಗ ಇಟ್ಕೊಳ್ಳೂದ್ರೀ? ಬರ್ರಿ, ಕುಂದರ್ರಿ” ಎಂದು ಆತ ನನ್ನನ್ನು ಪುನಃ ಕುರ್ಚಿಯಲ್ಲಿ ಕೂರಿಸಿ, ಅಂಗೈಗೆ ಎಣ್ಣೆ ಸುರಿದುಕೊಂಡು ಇಪ್ಪತ್ತು ನಿಮಿಷ ತಲೆ ತಿಕ್ಕಿದ. ಕಾಯುತ್ತಿದ್ದ ಇಬ್ಬರು ಗಿರಾಕಿಗಳು ನನ್ನನ್ನು ಕನ್ನಡಿಯಲ್ಲಿ ದುರುಗುಟ್ಟಿ ನೋಡುತ್ತಿದ್ದರು.

ಈಗ ನ್ಯೂಜೆರ್ಸಿಯಲ್ಲಿ, ಕಾರ್ಡಿನ ಶುಲ್ಕ ಕಡಿತವಾಗದಿರಲೆಂದು, ಐದು ಡಾಲರಿನ ನೋಟನ್ನು ಕ್ಷೌರಿಕನ ಕೈಗೇ ಕೊಡುತ್ತೇನೆ. ಊರಿಗೆ ಹೋದಾಗ ಕುರ್ಚಿಯಲ್ಲಿ ಕೂರುವ ಮೊದಲೇ ಎಣ್ಣೆ ಮಸಾಜಿನ ದರ ಕೇಳುತ್ತೇನೆ. ಮಂಗಳವಾರ ಮಾತ್ರ ಆ ಕಡೆ ಹೋಗುವುದಿಲ್ಲ, ಅಂಗಡಿಗೆ ಅಂದು ರಜೆ.