ಬಾನೆಟ್ ತೆಗೆದು ನೋಡಿ, ಆಮೇಲೆ ಬೈಯಿರಿ

ನಿನ್ನೆ ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಬರೆದು ಹಾಕದಿದ್ದರೆ ನಿದ್ದೆ ಬರಲ್ಲ ಅನ್ನಿಸಿ ಕೂತಿದ್ದೇನೆ. ಉದ್ದ ಆಗುತ್ತದೆ. ಗಾಡಿ ಹುಚ್ಚು ಇಲ್ಲದವರು ಮುಂದಕ್ಕೆ ಹೋಗಬಹುದು, ಬೇಜಾರಿಲ್ಲ.

ಭಾನುವಾರ ನಾವು ಏಳೆಂಟು ಜನ ಹಳೇ ಜರ್ಮನ್ ಗಾಡಿಯವರು ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಸೇರುವುದು ನಿಮಗೆಲ್ಲ ಗೊತ್ತೇ ಇದೆ. ನಿನ್ನೆ ಒಬ್ಬ ಹೊಸ ಹುಡುಗ ಬಂದಿದ್ದ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬಹುದು. ಕಪ್ಪು ಬಣ್ಣದ ಬಿಎಂಡಬ್ಲ್ಯು 325ಐ. ಇ90 ಮಾಡೆಲ್, ನನ್ನದೇ ಎಂಜಿನ್, ನನ್ನ ಗಾಡಿಗಿಂತ ಒಂದು ವರ್ಷ ಚಿಕ್ಕದು. ನೋಡಿದ ತಕ್ಷಣ ಊರಿನವರು ಸಿಕ್ಕಷ್ಟು ಖುಷಿಯಾಯಿತು. ನಾನು ಮಾತಾಡಿಸಲು ಹೋಗುವಷ್ಟರಲ್ಲಿ ಅವನು ಮೊಬೈಲ್ ಸ್ಟ್ಯಾಂಡ್ ಇಟ್ಟು, ಗಾಡಿ ಮುಂದೆ ನಿಂತು ವಿಡಿಯೋ ಶುರು ಮಾಡಿಬಿಟ್ಟ. "ಫ್ರೆಂಡ್ಸ್, ಹಳೇ ಜರ್ಮನ್ ಗಾಡಿ ಮಾತ್ರ ಯಾವತ್ತೂ ತಗೋಬೇಡಿ. ಎರಡು ವರ್ಷದಿಂದ ನನ್ನ ರಕ್ತ ಹೀರ್ತಾ ಇದೆ. ಡಬ್ಬಾ ಗಾಡಿ."

ಡಬ್ಬಾ ಅಂತೆ. ಆ ಪದ ಕೇಳಿದ ಮೇಲೆ ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ.

ಅವನು ಮುಗಿಸುವ ತನಕ ಕಾದು, ಹತ್ತಿರ ಹೋಗಿ, ಬಾನೆಟ್ ತೆಗಿಯಪ್ಪ ನೋಡೋಣ ಅಂದೆ. ಪಾಪ, ಸಂಕೋಚ ಇಲ್ಲದೆ ತೆಗೆದ. ಎಂಜಿನ್ ತಣಿಸುವ ದ್ರವ ಇರುವ ಕೂಲಂಟ್ ಟ್ಯಾಂಕಿನಲ್ಲಿ ನೀಲಿ ಬಣ್ಣ ಕಾಣಬೇಕಿತ್ತು. ಕಂಡದ್ದು ಮಳೆಗಾಲದ ಹೊಳೆ ನೀರಿನ ಬಣ್ಣ. ಬರೀ ಬೋರ್‌ವೆಲ್ ನೀರು ಸುರಿದಿದ್ದಾರೆ. ಆಯಿಲ್ ಫಿಲ್ಟರ್ ಹೌಸಿಂಗ್ ಬುಡದಿಂದ ಎಣ್ಣೆ ಒಸರಿ ಬೆಲ್ಟ್ ಮೇಲೆ ಬೀಳುತ್ತಿದೆ, ಬೆಲ್ಟಿನ ಅಂಚು ನೂಲು ನೂಲಾಗಿ ಬಿಚ್ಚಿಕೊಂಡಿದೆ. ಅಲ್ಲಿರುವುದು ಒಂದು ಸಣ್ಣ ರಬ್ಬರ್ ಗ್ಯಾಸ್ಕೆಟ್. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಪ್ಲಾಸ್ಟಿಕ್ ತರ ಗಟ್ಟಿಯಾಗುತ್ತದೆ, ಆಮೇಲೆ ಎಣ್ಣೆ ಹಿಡಿದಿಡಲ್ಲ. ಎಣ್ಣೆ ಕುಡಿದ ಬೆಲ್ಟ್ ಹರಿದರೆ, ಅದರ ಚೂರು ಮುಂದಿನ ಕ್ರ್ಯಾಂಕ್ ಸೀಲ್ ದಾಟಿ ಎಂಜಿನ್ ಒಳಗೇ ಎಳೆದುಕೊಂಡು ಹೋಗುವುದುಂಟು. ಒಂದು ರಬ್ಬರಿಗೆ ಇಡೀ ಎಂಜಿನ್ ಹೋಗುತ್ತದೆ ಸ್ವಾಮಿ. ಡಿಕ್ಕಿ ತೆಗೆಸಿದೆ. ಬ್ಯಾಟರಿ ಹೊಸದು. ರಿಜಿಸ್ಟರ್ ಮಾಡಿಸಿದೀಯಾ ಅಂತ ಕೇಳಿದೆ. ಬ್ಯಾಟರಿಗೆ ರಿಜಿಸ್ಟರಾ ಅಂದ. ಈ ಗಾಡಿಯಲ್ಲಿ ಬ್ಯಾಟರಿ ಬದಲಿಸಿದರೆ ಕಂಪ್ಯೂಟರ್ ಹಚ್ಚಿ ಗಾಡಿಗೆ ತಿಳಿಸಬೇಕು. ಇಲ್ಲದಿದ್ದರೆ ಅದು ಹಳೇ ಬ್ಯಾಟರಿಯೇ ಇದೆ ಅಂದುಕೊಂಡು ಚಾರ್ಜ್ ಮಾಡುತ್ತಾ ಹೋಗುತ್ತದೆ, ಹೊಸದು ಬೇಗ ಸಾಯುತ್ತದೆ. ಎರಡು ವರ್ಷದಲ್ಲಿ ಅದು ಅವನ ಮೂರನೇ ಬ್ಯಾಟರಿ.

ಎಲ್ಲಿಂದ ತಂದೆ ಅಂತ ಕೇಳಿದೆ. ದೆಹಲಿ. ಎಷ್ಟಕ್ಕೆ? ಮೂರೂವರೆ ಲಕ್ಷ. ಸರ್ವಿಸ್ ಬುಕ್? ಇಲ್ಲ.

ಇದೇ ನೋಡಿ ನನ್ನ ಸಂಕಟ. ದೆಹಲಿಯಲ್ಲಿ ಪೆಟ್ರೋಲ್ ಗಾಡಿಗೆ 15 ವರ್ಷ, ಡೀಸೆಲ್‌ಗೆ 10 ವರ್ಷ ಅನ್ನುವ ನಿಯಮ ಬಂದ ಮೇಲೆ ಅಲ್ಲಿನವರು ವಯಸ್ಸು ಹತ್ತಿರ ಬಂದ ಗಾಡಿಗೆ ಖರ್ಚು ಮಾಡುವುದನ್ನೇ ನಿಲ್ಲಿಸಿದರು. ನಾಳೆ ಓಡಿಸಲು ಬಿಡದ ಗಾಡಿಗೆ ಇವತ್ತು ಯಾರು ಎಂಜಿನ್ ತಣಿಸುವ ವಾಟರ್ ಪಂಪ್ ಹಾಕಿಸುತ್ತಾರೆ? ಹಾಗೆ ಮೂರು ನಾಲ್ಕು ವರ್ಷ ಉಪವಾಸ ಕೆಡವಿದ ಗಾಡಿಗಳು ಲಾರಿ ಹತ್ತಿ ದಕ್ಷಿಣಕ್ಕೆ ಬರುತ್ತವೆ. ಇಲ್ಲಿ ಬಂದ ಮೇಲೆ ತೊಳೆದು ಪಾಲಿಶ್ ಹೊಡೆದು ನಿಲ್ಲಿಸುತ್ತಾರೆ. ಹೊಸದಾಗಿದ್ದಾಗ ಮೂವತ್ತು ಲಕ್ಷ ದಾಟಿದ ಗಾಡಿ ಮೂರೂವರೆ ಲಕ್ಷಕ್ಕೆ ಸಿಕ್ಕಿತು ಅಂತ ನಮ್ಮ ಹುಡುಗರು ಕುಣಿಯುತ್ತಾರೆ. ಗಾಡಿಯ ಬೆಲೆ ಇಳಿದಿದೆ ನಿಜ. ಅದರ ವಾಟರ್ ಪಂಪಿನ ಬೆಲೆ ಇಳಿದಿಲ್ಲ. ಸಸ್ಪೆನ್ಷನ್ನಿನ ರಬ್ಬರ್ ಬುಶ್ ಬೆಲೆ ಇಳಿದಿಲ್ಲ. ಕೈಯಲ್ಲಿರುವ ಮೂರೂವರೆ ಲಕ್ಷವನ್ನೂ ಕೊಳ್ಳುವುದಕ್ಕೇ ಕೊಟ್ಟುಬಿಟ್ಟರೆ ಸಾಕುವುದು ಹೇಗೆ?

ನನ್ನ ತಾತ ಹಳ್ಳಿಕಾರ್ ಎತ್ತು ಕಟ್ಟುತ್ತಿದ್ದರು. ಜಾತ್ರೆಯಿಂದ ಜೋಡಿ ತಂದ ಮೇಲೆ ಮೊದಲ ಒಂದು ತಿಂಗಳು ನೊಗಕ್ಕೆ ಹೂಡುತ್ತಿರಲಿಲ್ಲ. ಹುರುಳಿ ಬೇಯಿಸಿ ಹಾಕಿ, ಗೊರಸು ನೋಡಿ, ಲಾಳ ಕಟ್ಟಿಸಿ, ಆಮೇಲೆ ಗಾಡಿಗೆ. ಒಣ ಹುಲ್ಲು ಹಾಕಿಕೊಂಡು ಹಳ್ಳಿಕಾರ್ ತಳಿಯೇ ಸರಿಯಿಲ್ಲ ಅಂದಿದ್ದರೆ ಊರಿನವರು ಸುಮ್ನೆ ಬಿಡುತ್ತಿರಲಿಲ್ಲ. ಗಾಡಿ ವಿಷಯದಲ್ಲಿ ಮಾತ್ರ ಆ ಮಾತು ಹೇಳಿದವನಿಗೆ ಲೈಕ್ ಸಿಗುತ್ತದೆ.

ಈ ಎಂಜಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಎನ್52 ಅಂತ ಇದರ ಹೆಸರು. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, ಟರ್ಬೋ ಇಲ್ಲ, 2.5 ಲೀಟರ್, 218 ಕುದುರೆ ಶಕ್ತಿ. ಒಂದೇ ಸಾಲಿನ ಆರು ಸಿಲಿಂಡರ್ ಅಂದರೆ ಒಂದು ಪಿಸ್ಟನ್ನಿನ ನಡುಕವನ್ನು ಇನ್ನೊಂದು ತಾನಾಗಿಯೇ ಅಳಿಸುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆನ್ ಇದೆಯಾ ಅಂತ ಮೀಟರ್ ನೋಡಬೇಕು. ಬ್ಲಾಕ್ ಹಗುರವಾಗಲಿ ಅಂತ ಒಳಗೆ ಅಲ್ಯೂಮಿನಿಯಂ, ಹೊರಗೆ ಮೆಗ್ನೀಸಿಯಂ. ಮೆಗ್ನೀಸಿಯಂಗೂ ಕಬ್ಬಿಣಕ್ಕೂ ಆಗಿಬರಲ್ಲ, ಒಂದಕ್ಕೊಂದು ತಾಗಿ ತೇವ ಸೇರಿದರೆ ಮೆಗ್ನೀಸಿಯಂ ತಿನ್ನಿಸಿಕೊಳ್ಳುತ್ತದೆ. ಅದಕ್ಕೇ ಇದಕ್ಕೆ ನೀಲಿ ತಲೆಯ ಅಲ್ಯೂಮಿನಿಯಂ ಬೋಲ್ಟ್. ಒಂದು ಸಲ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ, ಹೊಸದೇ ಬೇಕು. ಎಷ್ಟು ಬಿಗಿಯಬೇಕು ಅನ್ನುವುದಕ್ಕೂ ಡಿಗ್ರಿ ಲೆಕ್ಕ ಇದೆ. ಆ ಹುಡುಗನ ಗಾಡಿಯಲ್ಲಿ ನೀಲಿ ತಲೆ ಇರಬೇಕಾದ ಕಡೆ ಎರಡು ಕಬ್ಬಿಣದ ಬೋಲ್ಟ್ ಕೂತಿದ್ದವು. ಯಾರೋ ಕೈಗೆ ಸಿಕ್ಕಿದ್ದು ಹಾಕಿ ತಿರುಗಿಸಿದ್ದಾರೆ. ಅದನ್ನು ನೋಡಿದಾಗ ನನಗೆ ನಿಜವಾಗಲೂ ಹೊಟ್ಟೆ ಉರಿಯಿತು.

ಅವನು ಇದನ್ನು ಓಡಿಸಿದ್ದಾನಾ? ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ತಳ್ಳುವುದನ್ನು ಓಡಿಸುವುದು ಅನ್ನಲ್ಲ. ಬೆಳಿಗ್ಗೆ ಐದಕ್ಕೆ ಹೊರಟು ನೆಲಮಂಗಲ ದಾಟಿ, ಹಾಸನ ಕಳೆದು, ಬೇಲೂರಿನಿಂದ ಮೂಡಿಗೆರೆ ಕಡೆ ತಿರುಗಿ, ಕಾಫಿ ತೋಟದ ನಡುವೆ ರಸ್ತೆ ಸುತ್ತಲು ಶುರುವಾದಾಗ ಈ ಗಾಡಿ ಏನು ಅಂತ ಗೊತ್ತಾಗುತ್ತದೆ. ಮುಂದೆ ಅರ್ಧ ಭಾರ, ಹಿಂದೆ ಅರ್ಧ ಭಾರ. ತಳ್ಳುವುದು ಹಿಂದಿನ ಚಕ್ರ, ತಿರುಗುವುದು ಮುಂದಿನ ಚಕ್ರ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರಲ್ಲ. ಸ್ಟಿಯರಿಂಗ್ ಹೈಡ್ರಾಲಿಕ್. ಇದರ ಆಮೇಲೆ ಬಂದ ಎಫ್30 ಮಾಡೆಲ್‌ನಲ್ಲಿ ಎಲೆಕ್ಟ್ರಿಕ್ ಮಾಡಿದರು. ಅದೂ ಓಡಿಸಿದ್ದೇನೆ, ಹಗುರ ಇದೆ, ಆದರೆ ರಸ್ತೆ ಕೈಗೆ ಸಿಗಲ್ಲ. ಇದರಲ್ಲಿ ಟಾರಿನ ಮೇಲಿನ ಜಲ್ಲಿಯೂ ಅಂಗೈಗೆ ತಿಳಿಯುತ್ತದೆ. ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ ಆ ಆರು ಸಿಲಿಂಡರಿನ ದನಿ ಬದಲಾಗುತ್ತದೆ, ಏಳು ಸಾವಿರದವರೆಗೂ ಒಂದೇ ಎಳೆಯಲ್ಲಿ ಏರುತ್ತದೆ. ನನ್ನದು ತಗೊಂಡು ಎಂಟು ವರ್ಷ ಆಯ್ತು. ಈಗಲೂ ಕಣ್ಣು ತೇವ ಆಗುತ್ತದೆ ಅಂದರೆ ನಂಬಿ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಇದನ್ನು ಇಲ್ಲಿ ಇದುವರೆಗೂ ಬರೆದಿಲ್ಲ.

2019ರ ಮಳೆಗಾಲ. ಗಾಡಿ 1,10,000 ಕಿ.ಮೀ. ಮುಟ್ಟಿತ್ತು. ಈ ಎಂಜಿನ್ನಿಗೆ ವಾಟರ್ ಪಂಪ್ ಬೆಲ್ಟಿನಿಂದ ತಿರುಗಲ್ಲ, ಕರೆಂಟಿನಿಂದ ತಿರುಗುತ್ತದೆ. ಸುಮಾರು ಲಕ್ಷ ಕಿ.ಮೀ. ಆದ ಮೇಲೆ ಕೆಡುವ ತನಕ ಕಾಯದೆ ಪಂಪು, ಥರ್ಮೋಸ್ಟಾಟ್ ಎರಡನ್ನೂ ಬದಲಿಸಿ ಅಂತ ಓಡಿಸಿದವರೆಲ್ಲ ಹೇಳುತ್ತಾರೆ. ನನ್ನ ಮೆಕ್ಯಾನಿಕ್ ಎರಡು ಸಲ ಹೇಳಿದ. ಆ ವರ್ಷ ಮಗಳ ಕಾಲೇಜು ಫೀಸು, ಮನೆ ರಿಪೇರಿ. ಮುಂದಿನ ತಿಂಗಳು ಮಾಡಿಸೋಣ ಅಂತ ನಾನೇ ತಳ್ಳಿದೆ. ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಅದೇ ಪಂಪ್ ಕೈಕೊಟ್ಟು, ಎಂಜಿನ್ ಕಾದು ಕೆಂಪು ದೀಪ ಬಂತು. ತಕ್ಷಣ ನಿಲ್ಲಿಸಿ ಎಂಜಿನ್ ಆರಿಸಿದೆ, ಆದ್ದರಿಂದ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಉಳಿಯಿತು. ಆದರೆ ಎಪ್ಪತ್ತೆರಡು ವರ್ಷದ ಅಮ್ಮ ಆ ಮಂಜಿನಲ್ಲಿ ಕೊಡೆ ಹಿಡಿದು ಮೂರು ಗಂಟೆ ಕೂತಿದ್ದಳು. ಆ ಮೂರು ಗಂಟೆ ನಾನು ಗಾಡಿಗೆ ಏನೇನು ಬೈದೆ ಗೊತ್ತಾ? ನಿನ್ನೆ ಆ ಹುಡುಗ ಹೇಳಿದ ಅದೇ ಮಾತು. ಡಬ್ಬಾ. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಆ ಮೆಕ್ಯಾನಿಕ್ಕು ಹೋದ ತಿಂಗಳು ಏನೋ ಹಾಕಿಸಬೇಕು ಅಂದಿದ್ದನಲ್ಲ, ಅದೇನಾ ಇದು?"

ಉತ್ತರ ಕೊಡಲಿಲ್ಲ ನಾನು. ಅಮ್ಮ ಈಗಿಲ್ಲ. ನಿನ್ನೆ ಆ ಹುಡುಗನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ತಿಂಗಳು ಗಾಡಿಗೆ ಅಂತ ಐದು ಸಾವಿರ ಬೇರೆ ಇಡುತ್ತೇನೆ, ಕೆಟ್ಟರೂ ಕೆಡದಿದ್ದರೂ. ಆ ಹಣದಲ್ಲಿ ಪಂಪ್ ಬಂತು, ಗ್ಯಾಸ್ಕೆಟ್‌ಗಳು ಬಂದವು, ಗೇರ್‌ಬಾಕ್ಸ್ ಎಣ್ಣೆ ಬದಲಾಯಿತು. ಗೇರ್‌ಬಾಕ್ಸ್ ಎಣ್ಣೆ ಜೀವಮಾನಕ್ಕೆ ಒಂದೇ ಸಾಕು ಅಂತ ಬರೆದಿರುವುದನ್ನು ನಂಬಿ ಎಷ್ಟೋ ಗಾಡಿ ಹಾಳಾಗಿವೆ. ಆ ಕಾಲದ ಎಷ್ಟೋ ಜರ್ಮನ್ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಟ್ಟ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಒಳಗೆ, ಅಥವಾ 8 ವರ್ಷಕ್ಕೆ, ಎಣ್ಣೆ ಬದಲಿಸಿ ಅನ್ನುತ್ತದೆ. ಮಾಡಿದವರ ಮಾತು ಕೇಳಬೇಕು, ಅಲ್ವಾ?

ನಮ್ಮ ಗುಂಪಿನ ಹಿರಿಯರೊಬ್ಬರ ಹತ್ತಿರ ಡಬ್ಲ್ಯು124 ಬೆಂಜ್ ಇದೆ. ಮರ್ಸಿಡಿಸ್‌ನವರು ಪುಣೆಯಲ್ಲಿ ಜೋಡಿಸಲು ಶುರು ಮಾಡಿದ ಮೊದಲ ಮಾಡೆಲ್, 1995ರ ಕಾಲದ್ದು. ಆ ಕಾಲದ ಎಂಜಿನ್ ವೈರಿಂಗ್‌ನ ಮೇಲ್ಪದರ ಬಿಸಿಗೆ ಪುಡಿಯಾಗಿ ಉದುರುತ್ತಿತ್ತು, ಅದು ಎಲ್ಲರಿಗೂ ಗೊತ್ತಿದ್ದ ತೊಂದರೆ. ಅವರು ಒಂದು ಸಲ ವೈರಿಂಗ್ ಪೂರ್ತಿ ಹೊಸದು ಹಾಕಿಸಿದರು, ಮುಗಿಯಿತು. ಮೂವತ್ತು ವರ್ಷ ಆದರೂ ಬಾಗಿಲು ಹಾಕಿದರೆ ಬ್ಯಾಂಕಿನ ಲಾಕರ್ ಮುಚ್ಚಿದ ಸದ್ದು.

ಕೆಲವರು ಹೇಳುತ್ತಾರೆ, ಇಷ್ಟೆಲ್ಲ ರಗಳೆ ಯಾಕೆ, ಟೊಯೊಟಾ ತಗೋ, ಎಣ್ಣೆ ಹಾಕು, ಓಡಿಸು. ನನ್ನ ತಮ್ಮನ ಹತ್ತಿರ ಕೊರೊಲಾ ಇದೆ, ಒಳ್ಳೆಯ ಗಾಡಿ, ಒಂದು ಮಾತು ಆಡಲ್ಲ ಅದರ ಬಗ್ಗೆ. ಆದರೆ ತಮ್ಮ ಎಂದಾದರೂ ಬೆಳಿಗ್ಗೆ ಐದಕ್ಕೆ ಎದ್ದು, ಕೆಲಸವೇ ಇಲ್ಲದೆ, ಬರೀ ಆ ಗಾಡಿ ಓಡಿಸಲು ಬೇಲೂರಿಗೆ ಹೋಗಿದ್ದಾನಾ? ಇಲ್ಲ. ನಾನು ಹೋಗಿದ್ದೇನೆ. ಜರ್ಮನ್ನರು ಮಾಡಿದ್ದೆಲ್ಲ ಸರಿ ಅಂತಲೂ ಹೇಳುತ್ತಿಲ್ಲ. ಬಿಎಂಡಬ್ಲ್ಯುವಿನದೇ 320ಡಿಯ ಎನ್47 ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನ್ ಸವೆಯುವುದು ವಿನ್ಯಾಸದ ತಪ್ಪೇ. ಅದನ್ನು ಗೇರ್‌ಬಾಕ್ಸ್ ಕಡೆ ಇಟ್ಟು ಕೈಯೇ ಹೋಗದಂತೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಯಾರಾದರೂ ಅದನ್ನು ಬೈದರೆ ನಾನೂ ಜೊತೆಗೆ ಬೈಯುತ್ತೇನೆ. ಬೋರ್‌ವೆಲ್ ನೀರು ಹಾಕಿ ಬೈಯುವುದು ಬೇರೆ.

ಪೆಟ್ರೋಲ್ ಚಿಂತೆಯೂ ಇದೆ. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20ಗೆ, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿಗೆ, ಚಾಲನೆ ಕೊಟ್ಟರು, ಈಗ ಬಂಕಿಗೆ ಹೋದರೆ ಸಿಗುವುದು ಅದೇ. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪಿಗೆ ಒಳ್ಳೆಯದಲ್ಲ. ಅದಕ್ಕೇ ನಾನು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಲ್ಲ. ಕರ್ನಾಟಕದಲ್ಲಿ 15 ವರ್ಷ ಆದ ಗಾಡಿಯನ್ನು ಆರ್‌ಟಿಒಗೆ ತೋರಿಸಿ, ಪಾಸ್ ಆದರೆ ಇನ್ನೈದು ವರ್ಷ ಕೊಡುತ್ತಾರೆ. ನನ್ನದು 2023ರಲ್ಲಿ ಪಾಸ್ ಆಯಿತು. ಫೀಸು 5,000, ಮೇಲೆ ಹಸಿರು ತೆರಿಗೆ. ಕೊಟ್ಟೆ. ಆ ದಿನ ಗಾಡಿಯನ್ನು ತೊಳೆದು ಹೂವು ಹಾಕಿದ್ದೆ, ಫೋಟೋ ನೀವೆಲ್ಲ ನೋಡಿದ್ದೀರಿ.

ನಿನ್ನೆ ಹೊರಡುವಾಗ ಆ ಹುಡುಗನಿಗೆ ನನ್ನ ನಂಬರ್ ಕೊಟ್ಟೆ. ಗ್ಯಾಸ್ಕೆಟ್‌ನ ಹನ್ನೊಂದು ಅಂಕಿಯ ಪಾರ್ಟ್ ನಂಬರ್ ಬರೆದುಕೊಟ್ಟೆ. ಜೆ.ಸಿ. ರಸ್ತೆಯಲ್ಲಿ ಡೂಪ್ಲಿಕೇಟ್ ತಗೋಬೇಡ, ಒಂದು ಭಾನುವಾರ ಮನೆಗೆ ಬಾ, ಇಬ್ಬರೂ ಸೇರಿ ಹಾಕೋಣ, ನನಗೆ ಒಂದು ಪೈಸೆ ಕೊಡಬೇಡ ಅಂದೆ. ತಲೆ ಆಡಿಸಿದ. ಗಮನ ಇಟ್ಟು ಕೇಳುತ್ತಿದ್ದ ಹುಡುಗ, ಕೆಟ್ಟವನಲ್ಲ. ಫೋನ್ ಅಲ್ಲೇ ಸ್ಟ್ಯಾಂಡಿನಲ್ಲಿತ್ತು, ಇದೆಲ್ಲ ರೆಕಾರ್ಡ್ ಆಗಿದೆ ಅಂತಲೂ ಅವನೇ ಹೇಳಿದ.

ಇವತ್ತು ಸಂಜೆ ವಿಡಿಯೋ ಹಾಕಿದ್ದಾನೆ. ಪೂರ್ತಿ ನೋಡಿದೆ, ಎರಡು ಸಲ. ಡಬ್ಬಾ ಅಂದದ್ದು ಇದೆ. ಮೂರು ಬ್ಯಾಟರಿ ಹೋದ ಕಥೆ ಇದೆ. ಬಾನೆಟ್ ತೆಗೆದ ಆ ಹತ್ತು ನಿಮಿಷ ಇಲ್ಲ.